ಚಾಂಪಿಯನ್ನಿಗೊಂದು ಮೊಳೆ

ಶಿಡ್ಲಘಟ್ಟದಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡವನ ಹತ್ತಿರ ಜಗಳಗಳು ತಾವಾಗಿಯೇ ನಡೆದುಕೊಂಡು ಬರುತ್ತವೆ. ನಾನು ಮಾಡುವುದಿಷ್ಟೇ: ಬಂದ ಜಗಳಕ್ಕೆ ಸ್ಟೂಲು ಹಾಕಿ, ಟೀ ತರಿಸಿ, ಬೇಗ ಎದ್ದು ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ನಮ್ಮ ಕಡೆ ಒಬ್ಬನ ಫೋಟೋಗೆ ಕಟ್ಟು ಬಿತ್ತು ಅಂದರೆ ಆತ ದೊಡ್ಡ ಮನುಷ್ಯ ಆಗಿರಬೇಕು, ಇಲ್ಲವೇ ಸತ್ತಿರಬೇಕು. ಯಾವುದು ಅಂತ ಗೊತ್ತಾಗದ ಮುಖವೊಂದು ಗಾಜಿನ ಹಿಂದೆ ಕಂಡರೆ ಜನಕ್ಕೆ ತಡೆಯಲಾಗುವುದಿಲ್ಲ.

ಈಗ ಹೇಳುವುದೆಲ್ಲ ಒಂದೇ ಫೋಟೋದಿಂದ ಆದದ್ದು. ಫೋಟೋದಲ್ಲಿದ್ದವನು ಹಳೇ ಕಾಲದ ಒಬ್ಬ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಪಕ್ಷ ಸೇರಿಕೊಂಡು ಓದುವುದು ಬಿಟ್ಟುಬಿಡುತ್ತೀರಿ. ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದೇನೆ. ಎಲ್ಲಿ ನಡೆದದ್ದು ಸಪ್ಪೆಯಾಗಿತ್ತೋ ಅಲ್ಲಿ ಮಾತ್ರ ಸ್ವಲ್ಪ ಕೈ ಹಾಕಿದ್ದೇನೆ.

೧. ಒಂದೇ ಗೋಡೆ

ನಮ್ಮ ಬೀದಿಯ ಹಿಂದೆ ಹಳೆಯ ಗರಡಿಮನೆ ಇದೆ. ಮಾಳಿಗೆ ಬಿದ್ದುಹೋಗಿ, ಎಷ್ಟೋ ವರ್ಷ ಅದರಲ್ಲಿ ಆಡುಗಳೇ ಕುಸ್ತಿ ಆಡಿಕೊಂಡಿದ್ದವು. ಈಚೆಗೆ ಊರವರು ಸೇರಿ ರಿಪೇರಿ ಮಾಡಿಸಿದರು. ಅರ್ಧಕ್ಕೆ ಕುಸ್ತಿಯ ಕೆಮ್ಮಣ್ಣು, ಇನ್ನರ್ಧಕ್ಕೆ ಜಿಮ್ಮು. ಸಮಿತಿಯ ಅಧ್ಯಕ್ಷರು ನಮ್ಮ ಡ್ರಿಲ್ ಮೇಷ್ಟ್ರು. ರಿಟೈರ್ ಆಗಿದ್ದರೂ ಕೊರಳಲ್ಲಿ ಸೀಟಿ ಹಾಗೇ ಇದೆ. ಅವರು ಹೂಂ ಅನ್ನದೆ ಆ ಗೋಡೆಗೆ ಹಲ್ಲಿಯೂ ಅಂಟಿಕೊಳ್ಳುವ ಹಾಗಿಲ್ಲ.

ಜಿಮ್ಮಿಗೆ ಪಂಚಿಂಗ್ ಬ್ಯಾಗ್ ಕೊಟ್ಟವರು ರೀಲರ್ ಸಾಹೇಬರು. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವರನ್ನು ನಮ್ಮೂರಲ್ಲಿ ರೀಲರ್ ಅನ್ನುತ್ತಾರೆ. ಸಾಹೇಬರ ಮೊಮ್ಮಗಳು ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುತ್ತಾ ಬಾಕ್ಸಿಂಗ್ ಕಲಿಯುತ್ತಿದ್ದಳು. ಊರಲ್ಲಿ ಅಭ್ಯಾಸಕ್ಕೆ ಜಾಗವಿಲ್ಲದೆ, ಗೂಡು ಬೇಯಿಸುವ ಶೆಡ್ಡಿನ ಪಕ್ಕ ಗೋಣಿಚೀಲ ನೇತುಹಾಕಿ ಗುದ್ದುತ್ತಿದ್ದಳು. ಗರಡಿ ಶುರುವಾಗುವುದನ್ನೇ ಆ ಹುಡುಗಿ ಕಾಯುತ್ತಿದ್ದದ್ದು.

ಒಂದು ಬೆಳಗ್ಗೆ ಸಾಹೇಬರು ಪೇಪರಿನಲ್ಲಿ ಸುತ್ತಿದ ಫೋಟೋ ತಂದು ಟೇಬಲ್ ಮೇಲೆ ಬಿಚ್ಚಿದರು. ಚಾಂಪಿಯನ್ನು ಎರಡೂ ಕೈ ಮುಖದ ಹತ್ತಿರ ಹಿಡಿದು ನನ್ನನ್ನೇ ನೋಡುತ್ತಿದ್ದ. ತೇಗದ ಕಟ್ಟು ಹಾಕಬೇಕು, ಬರುವ ಭಾನುವಾರ ಗರಡಿಯ ಓಪನಿಂಗು, ಅಷ್ಟರಲ್ಲಿ ಇದು ಬ್ಯಾಗಿನ ಎದುರಿನ ಗೋಡೆಯ ಮೇಲೆ ಇರಬೇಕು ಅಂದರು. ನನಗೆ ನಾಲಿಗೆ ಸುಮ್ಮನಿರಲಿಲ್ಲ. ಇಷ್ಟು ಪ್ರೀತಿ ಇದ್ದರೆ ಮನೆಯಲ್ಲೇ ಹಾಕಿಕೊಳ್ಳಬಹುದಲ್ಲ ಅಂದೆ.

"ನಮ್ಮ ಮನೇಲಿ ಮನುಷ್ಯರ ಫೋಟೋ ಹಾಕೋ ಪದ್ಧತಿ ಇಲ್ಲಪ್ಪ. ಈ ಮನುಷ್ಯನಿಗೆ ಈ ಊರಲ್ಲಿ ಇರೋದು ಒಂದೇ ಗೋಡೆ" ಅಂದರು ಸಾಹೇಬರು.

ಆಮೇಲೆ ತಮ್ಮ ಬೆರಳುಗಳನ್ನು ತೋರಿಸಿದರು. ಚಿಕ್ಕ ವಯಸ್ಸಿನಿಂದ ಕುದಿಯುವ ನೀರಲ್ಲಿ ಗೂಡು ತಿರುವಿ ತಿರುವಿ ತುದಿಗಳೆಲ್ಲ ನುಣ್ಣಗಾಗಿದ್ದವು. ಇಪ್ಪತ್ತರ ವಯಸ್ಸಿನಲ್ಲಿ ಯಾರದೋ ಮನೆಯ ಟಿವಿಯಲ್ಲಿ ಈ ಚಾಂಪಿಯನ್ನನ್ನು ನೋಡಿದ ಮೇಲೆಯೇ, ತಮ್ಮ ಕೈಗೂ ನೀರಿನ ಹೊರಗೆ ಏನಾದರೂ ಕೆಲಸ ಇರಬಹುದು ಅಂತ ಅನ್ನಿಸಿದ್ದಂತೆ. ನೂಲು ಬಿಚ್ಚಿ ಉಳಿದ ರೇಷ್ಮೆ ಚಿಂದಿಯನ್ನು ಬಟ್ಟೆಚೀಲಕ್ಕೆ ತುಂಬಿ ಗ್ಲೌಸ್ ಮಾಡಿಕೊಂಡರಂತೆ. ಆ ಗ್ಲೌಸಿನಲ್ಲಿ ಯಾರನ್ನು ಹೊಡೆದರೂ ಅವರಿಗೆ ನಿದ್ದೆ ಬರುತ್ತಿತ್ತು, ಅಷ್ಟು ಮೆತ್ತಗೆ ಇತ್ತು ಅಂದರು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಫೋಟೋ ನೋಡಿದರು, ಎಲ್ಲಿಗೆ ಅಂತ ಕೇಳಿದರು, ಸೀಟಿಯನ್ನು ಎಡಕ್ಕೆ ಸರಿಸಿದರು. ಇವನಿಗೆ ಹೆಸರು ಬಂದದ್ದು ಕೈಯಿಂದ ಅಲ್ಲ ಬಾಯಿಂದ, ವಯಸ್ಸಾದವರನ್ನು ಹಿಡಿದು ಹಿಡಿದು ಹೊಡೆದ, ಕೊನೆಕೊನೆಗೆ ಇವನೇ ವಯಸ್ಸಾಗಿ ಕಂಡಕಂಡವರ ಕೈಯಲ್ಲಿ ಹೊಡೆಸಿಕೊಂಡ, ಬಾಕಿಯದೆಲ್ಲ ಪೇಪರಿನವರು ಊದಿದ್ದು ಅಂದರು. ನಮ್ಮ ಗರಡಿಯಲ್ಲೇ ಮಣ್ಣು ಹೊತ್ತು ಕುಸ್ತಿ ಆಡಿದವರಿಗೆ ಇಲ್ಲದ ಗೋಡೆ ಸಮುದ್ರದ ಆಚೆಯವನಿಗೆ ಯಾಕೆ ಅಂತ ಕೇಳಿದರು. ಸಾಹೇಬರು ಶಾಂತವಾಗಿಯೇ, ಫೋಟೋ ಇಲ್ಲದಿದ್ದರೆ ಬ್ಯಾಗೂ ಇಲ್ಲ, ಅಂದರು.

"ಸುಮ್ಮನೆ ಹೆಸರು ಮಾಡ್ಕೊಂಡವರಿಗೆಲ್ಲ ತೇಗದ ಕಟ್ಟು ಹಾಕ್ತಾ ಹೋದ್ರೆ ದೇಶದಲ್ಲಿ ಮರ ಉಳಿಯಲ್ಲ ಸಾಹೇಬ್ರೇ" ಅಂದರು ಮೇಷ್ಟ್ರು.

ನಾನು ಒಳಗೆ ಹೋಗಿ, ಅವರು ಹೋದ ವಾರ ಕೊಟ್ಟಿದ್ದ ಸನ್ಮಾನದ ಫೋಟೋ ತಂದು ಅವರ ಕೈಗಿಟ್ಟೆ. ಶಾಲು, ಹಣ್ಣಿನ ತಟ್ಟೆ, ಮೇಷ್ಟ್ರು. ಅದಕ್ಕೂ ತೇಗದ ಕಟ್ಟೇ. ಅಂಚು ಮಾತ್ರ ಇನ್ನೂ ಒಂದು ಬೆರಳು ಅಗಲ.

೨. ಹಾರ

ಕಟ್ಟು ಹಾಕಿದ ಮೇಲೆ, ಅಂಟು ಒಣಗಲಿ ಅಂತ ಫೋಟೋವನ್ನು ಅಂಗಡಿಯ ಮುಂದೆ ತೂಗುಹಾಕಿದೆ. ಪಕ್ಕದಲ್ಲಿ ಹೂವಿನಮ್ಮ ಕೂರುತ್ತಾರೆ. ಆಂಧ್ರದ ಗಡಿ ಕಡೆಯವರು. ಬಾಯಿಗೆ ಮೊದಲು ತೆಲುಗು ಬರುತ್ತದೆ, ಕನ್ನಡ ಅದರ ಹಿಂದೆ ಓಡಿಬರುತ್ತದೆ. ನನ್ನ ಅಂಗಡಿಯ ಮುಂದೆ ಹೊಸ ಮುಖ ನೇತಾಡಿತು ಅಂದರೆ ಅವರು ಹಾರಕ್ಕೆ ದಾರ ಹಿಡಿಯುತ್ತಾರೆ. ಕಟ್ಟು ಒಯ್ಯಲು ಬಂದವರು ಹಾರವನ್ನೂ ಒಯ್ಯುವುದು ನಮ್ಮ ಬೀದಿಯ ವಾಡಿಕೆ.

"ಪಾಪಮು, ಎಷ್ಟು ಗಟ್ಟಿಮುಟ್ಟಾಗಿದ್ದಾನೆ. ಏನಾಗಿತ್ತು ನಾಯನಾ?" ಅಂತ ಕೇಳಿದರು.

ನಾನು ಸುಳ್ಳು ಹೇಳಲಿಲ್ಲ. ಜೀವನದಲ್ಲಿ ತುಂಬ ಏಟು ತಿಂದವನು, ರೀಲರ್ ಸಾಹೇಬರಿಗೆ ಬಹಳ ಬೇಕಾದವನು ಅಂದೆ. ಇದರಲ್ಲಿ ಯಾವ ಮಾತು ಸುಳ್ಳು, ನೀವೇ ಹೇಳಿ. ಹೂವಿನಮ್ಮ ಕಣ್ಣೊರೆಸಿಕೊಂಡು ಒಂದು ಸೇವಂತಿಗೆ ಹಾರ ಹಾಕಿ, ಎರಡು ಊದುಬತ್ತಿ ಹಚ್ಚಿ ಕಟ್ಟಿನ ಸಂದಿಗೆ ಸಿಕ್ಕಿಸಿದರು.

ಸುದ್ದಿ ನನ್ನ ಸಹಾಯವಿಲ್ಲದೆ ಗೂಡಿನ ಮಾರುಕಟ್ಟೆಗೆ ಹೋಯಿತು. ಬಹಳ ಅಂದರೆ ನಾನು ಒಂದೆರಡು ಜನಕ್ಕೆ ಹೇಳಿರಬಹುದು. ಸಾಹೇಬರು ಅಲ್ಲಿ ಗೂಡಿನ ರಾಶಿಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಅಲ್ಲಾಡಿಸಿ ನೋಡುತ್ತಿದ್ದರು. ಜಂಗಮಕೋಟೆಯಿಂದ ಗೂಡು ತಂದ ರೈತರೊಬ್ಬರು ಬಂದು ಅವರ ಬೆನ್ನು ಸವರಿ, ಧೈರ್ಯ ತಂದುಕೊಳ್ಳಿ ಅಂದರು. ಸಾಹೇಬರು ಇದು ಮೇಷ್ಟ್ರ ವಿಷಯ ಅಂದುಕೊಂಡರು. ಧೈರ್ಯಕ್ಕೆ ಕಮ್ಮಿ ಏನಿಲ್ಲ, ಯಾರು ಅಡ್ಡ ಬಂದರೂ ಭಾನುವಾರ ಅವನನ್ನು ಗೋಡೆಗೆ ಏರಿಸುವವನೇ ನಾನು ಅಂದರು. ರೈತರು ಎರಡು ಹೆಜ್ಜೆ ಹಿಂದೆ ಸರಿದು, ದುಃಖ ತಲೆಗೆ ಹತ್ತಿದೆ ಅಂತ ಪಕ್ಕದವರಿಗೆ ಹೇಳಿದರು. ಅವತ್ತು ಟೀ ಅಂಗಡಿಯವನು ಸಾಹೇಬರ ಹತ್ತಿರ ಕಾಸು ತೆಗೆದುಕೊಳ್ಳಲಿಲ್ಲ.

ಸಂಜೆ ಸುದ್ದಿ ಮೇಷ್ಟ್ರ ಮನೆಗೂ ಮುಟ್ಟಿತು. ಸಾಹೇಬರ ಹತ್ತಿರದವರು ಯಾರೋ ತೀರಿಕೊಂಡಿದ್ದಾರೆ, ಫೋಟೋ ಕಟ್ಟಿನ ಅಂಗಡಿಯಲ್ಲಿ ಇಟ್ಟಿದ್ದಾರೆ ಅಂತ. ಬಾಯಿ ಜೋರಾದರೂ ಮೇಷ್ಟ್ರದು ಒಳ್ಳೆಯ ಮನಸ್ಸು. ಸೀಟಿಯನ್ನು ಶರ್ಟಿನ ಒಳಗೆ ಹಾಕಿಕೊಂಡು, ಚಪ್ಪಲಿ ಬಿಟ್ಟು, ತಲೆ ತಗ್ಗಿಸಿಕೊಂಡೇ ಬಂದರು. ಫೋಟೋದ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು ನಿಂತರು. ನಾನು ಊದುಬತ್ತಿಯ ಹೊಗೆಯ ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದೆ. ಅದೇ ಹೊತ್ತಿಗೆ ಸಾಹೇಬರು ಮಾರುಕಟ್ಟೆಯಿಂದ ಬಂದು ಅವರ ಹಿಂದೆ ನಿಂತರು.

ಮೇಷ್ಟ್ರು ಕಣ್ಣು ಬಿಟ್ಟರು. ಹಾರದ ನಡುವೆ ಚಾಂಪಿಯನ್ನು ಎರಡೂ ಕೈ ಎದುರಿಗೆ ಹಿಡಿದು ಅವರನ್ನೇ ನೋಡುತ್ತಿದ್ದ. ಮೇಷ್ಟ್ರ ಕೈ ಮುಗಿದದ್ದು ಮುಗಿದ ಹಾಗೇ ಇತ್ತು.

ಸಾಹೇಬರು ಮೆಲ್ಲಗೆ ಅಂದರು: "ಪರವಾಗಿಲ್ಲ ಮೇಷ್ಟ್ರೇ, ಇನ್ನೂ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ಅವನೇನೂ ಬೇಡ ಅನ್ನಲ್ಲ."

೩. ಬಿದ್ದವರ ಮಾತು

ಈ ಅವಮಾನದ ಮೇಲೆ ಮೇಷ್ಟ್ರು ಹಟ ಹಿಡಿದರು. ಬಾಯಿಮಾತು ಬೇಡ, ಸಾಕ್ಷಿ ಸಮೇತ ತೋರಿಸುತ್ತೇನೆ ಅಂತ ಮಾರನೆಯ ದಿನ ಮೊಬೈಲ್ ಹಿಡಿದುಕೊಂಡು ಬಂದರು. ಚಾಂಪಿಯನ್ನಿನ ಬಹಳ ಹೆಸರಾದ ಒಂದು ಹಳೆಯ ಫೈಟು. ಎದುರಾಳಿ ನೆಲಕ್ಕೆ ಬೀಳುತ್ತಾನೆ. ಮೇಷ್ಟ್ರ ವಾದ ಏನೆಂದರೆ, ಏಟು ತಾಗಿಯೇ ಇಲ್ಲ, ಅವನು ತಾನಾಗಿಯೇ ಜಾರಿ ಬಿದ್ದ, ಜಗತ್ತು ಅದನ್ನೇ ನಂಬಿಕೊಂಡು ಇವನನ್ನು ದೊಡ್ಡವನು ಮಾಡಿತು.

ಸಾಹೇಬರೂ ನಾನೂ ತಲೆ ಸೇರಿಸಿ ನೋಡಿದೆವು. ನಮ್ಮ ಬೀದಿಯ ನೆಟ್‌ವರ್ಕು ಸರಿಯಾಗಿ ಏಟು ಬೀಳುವ ಜಾಗಕ್ಕೆ ಬಂದಾಗಲೆಲ್ಲ ನಿಂತು ಸುತ್ತುತ್ತಿತ್ತು. ಮತ್ತೆ ಓಡುವಷ್ಟರಲ್ಲಿ ಎದುರಾಳಿ ನೆಲದ ಮೇಲಿರುತ್ತಿದ್ದ. ತಾಗಿತು ಅಂತ ಸಾಹೇಬರು, ಇಲ್ಲ ಅಂತ ಮೇಷ್ಟ್ರು. ಹಿಂಗಾದರೆ ಮುಗಿಯುವುದಿಲ್ಲ, ನೀವಿಬ್ಬರೇ ಮಾಡಿ ತೋರಿಸಿ, ಆಗ ಗೊತ್ತಾಗುತ್ತೆ ಅಂತ ಒಬ್ಬರು ಸಲಹೆ ಕೊಟ್ಟರು. ಆ ಒಬ್ಬರು ಯಾರು ಅನ್ನುವುದು ಇಲ್ಲಿ ಮುಖ್ಯವಲ್ಲ.

ಮೇಷ್ಟ್ರು ಎದುರಾಳಿಯಾದರು, ಸಾಹೇಬರು ಚಾಂಪಿಯನ್. ಕೈಯನ್ನು ಮುಖದ ಹತ್ತಿರ ತಂದು ಗಾಳಿಯಲ್ಲಿ ನಿಲ್ಲಿಸುವುದು, ತಾಗಿಸಕೂಡದು ಅಂತ ಕರಾರು. ಮೇಷ್ಟ್ರು ಬೀಳುವುದರಲ್ಲೂ ಶಿಸ್ತಿನವರು. ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಭುಜ ಅಂತ ವಿವರಿಸುತ್ತಲೇ ಬೀಳಲು ಶುರುಮಾಡಿದರು. ಸಾಹೇಬರು ಕೈ ಬೀಸಿದರು. ನೆಲದ ಮೇಲೆ ನಾನು ಕಟ್ಟು ಕೊರೆದ ಮರದ ಪುಡಿ ಬಿದ್ದಿತ್ತು. ಮಂಡಿಯ ಸರದಿ ಬರುವ ಮೊದಲೇ ಮೇಷ್ಟ್ರ ಪೂರ್ತಿ ದೇಹ ಒಟ್ಟಿಗೆ ಬಂತು. ಬೀಳುವಾಗ ಕಾಲು, ಗೋಡೆಗೆ ಒರಗಿಸಿಟ್ಟಿದ್ದ ಚಾಂಪಿಯನ್ನಿನ ಕಟ್ಟಿಗೆ ತಾಗಿ ಗಾಜು ಸೀಳಿತು.

ಆಗಲೇ ಬಾಗಿಲಲ್ಲಿ ಮದುವೆ ಫೋಟೋ ಒಯ್ಯಲು ಬಂದ ಜಂಗಮಕೋಟೆಯ ಗಿರಾಕಿಯೊಬ್ಬರು ನಿಂತಿದ್ದರು. ಅವರಿಗೆ ಕಂಡದ್ದು: ಮೇಷ್ಟ್ರು ನೆಲದ ಮೇಲೆ, ಸಾಹೇಬರು ಮುಷ್ಟಿ ಬಿಗಿದು ಮೇಲೆ. ಅವರು ಫೋಟೋನೂ ಕೇಳಲಿಲ್ಲ, ಬಂದ ಹಾಗೇ ಹೋದರು.

ಊಟದ ಹೊತ್ತು ದಾಟುವುದರೊಳಗೆ ಜಂಗಮಕೋಟೆಯಿಂದ ಮೇಷ್ಟ್ರ ಹಳೇ ಶಿಷ್ಯರು ಬೈಕುಗಳಲ್ಲಿ ಬಂದಿಳಿದರು. ಹೊಟ್ಟೆ ಬಂದ, ಕನ್ನಡಕ ಹಾಕಿದ, ಉಸಿರು ಕಟ್ಟಿದ ಶಿಷ್ಯರು. ಗುರುಗಳ ಮೇಲೆ ಕೈ ಮಾಡಿದವರು ಯಾರು ಅಂತ ಕೇಳಿದರು. ಗುರುಗಳು ಮತ್ತು ಕೈ ಮಾಡಿದವರು ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಬನ್ನನ್ನು ಎರಡು ಭಾಗ ಮಾಡಿಕೊಂಡು ಟೀಗೆ ಅದ್ದುತ್ತಿದ್ದರು.

ಮೇಷ್ಟ್ರಿಗೆ ಸಿಟ್ಟು ಬಂದದ್ದು ಸಾಹೇಬರ ಮೇಲಲ್ಲ, ತಾವು ಒಂದೇ ಏಟಿಗೆ ಬಿದ್ದರು ಅಂತ ಹರಡಿದ ಸುದ್ದಿಯ ಮೇಲೆ. ಶಿಷ್ಯರ ಕಡೆ ತಿರುಗಿ ಬೆರಳೆತ್ತಿ ಹೇಳಿದರು: "ಲೋ, ಸರಿಯಾಗಿ ಕೇಳಿಸ್ಕೊಳ್ಳಿ. ಏಟು ತಾಗಲೇ ಇಲ್ಲ. ನಾನೇ ಜಾರಿ ಬಿದ್ದಿದ್ದು."

ಸಾಹೇಬರು ಬನ್ನು ನುಂಗಿ ತಲೆಯಾಡಿಸಿದರು. "ಬಿದ್ದವರೆಲ್ಲ ಹಂಗೇ ಹೇಳೋದು" ಅಂದರು.

೪. ಬಸ್ಸಿನ ತೀರ್ಪು

ಸೀಳಿದ ಗಾಜಿನ ಬದಲಿಗೆ ಹೊಳಪು ಹೊಡೆಯದ ಗಾಜು ಬೇಕು ಅಂದರೆ ಚಿಂತಾಮಣಿಗೇ ಹೋಗಬೇಕು. ಸಾಹೇಬರು ಫೋಟೋವನ್ನು ಇನ್ನು ನನ್ನ ಅಂಗಡಿಯಲ್ಲಿ ಬಿಡಲು ತಯಾರಿರಲಿಲ್ಲ. ತಾವೇ ಎದೆಗೆ ಅವಚಿಕೊಂಡು ಹೊರಟರು. ಗರಡಿಗೆ ಹಗ್ಗ, ಮ್ಯಾಟು ತರಬೇಕು ಅಂತ ಮೇಷ್ಟ್ರೂ ಹೊರಟರು. ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸಿ ಮನೆಯಲ್ಲಿ ಕೂರುವಷ್ಟು ವೈರಾಗ್ಯ ನನಗೆ ಇನ್ನೂ ಬಂದಿಲ್ಲ. ನಾನೂ ಹತ್ತಿದೆ.

ಬಸ್ಸು ಉಪ್ಪಿನಕಾಯಿ ಜಾಡಿಯ ಹಾಗೆ ತುಂಬಿತ್ತು. ಅರ್ಧ ಜನ ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ ಕೈವಾರಕ್ಕೆ ಹೋಗುವ ಹೆಂಗಸರು, ಇನ್ನರ್ಧ ತರಕಾರಿಯವರು. ನಾವು ಹತ್ತುವಾಗಲೇ ಯಾರೋ ಇಳಿದು ಖಾಲಿಯಾದ ಒಂದೇ ಸೀಟಿನಲ್ಲಿ ಸಾಹೇಬರೂ ಮೇಷ್ಟ್ರೂ ಒತ್ತಿಕೊಂಡು ಕೂತರು. ಚಾಂಪಿಯನ್ನು ಇಬ್ಬರ ತೊಡೆಯ ಮೇಲೂ ಅರ್ಧರ್ಧ ಕೂತ. ಕಂಡಕ್ಟರ್ ಬಂದು, ಇದ್ಯಾರು, ಇವರಿಗೂ ಟಿಕೆಟ್ ಕೊಡ್ಲಾ ಅಂದ. ಸಾಹೇಬರು ಯಾರು ಅಂತ ಹೇಳಿದರು. ಮೇಷ್ಟ್ರು ಯಾರಲ್ಲ ಅಂತ ಹೇಳಿದರು. ಮುಗೀತು, ಇಡೀ ಬಸ್ಸು ಮಾತಿಗೆ ಬಂತು.

ಒಬ್ಬರು ತೆಲುಗಿನಲ್ಲಿ, ಈತ ನಮ್ಮ ಕಡೆಯ ಪೈಲ್ವಾನನೇ, ಚಿಕ್ಕವನಿದ್ದಾಗ ಸಂತೆಯಲ್ಲಿ ಕಣ್ಣಾರೆ ನೋಡಿದ್ದೇನೆ ಅಂತ ಆಣೆ ಮಾಡಿದರು. ಇನ್ನೊಬ್ಬರು ಉರ್ದುವಿನಲ್ಲಿ, ಇವನ ಒಂದು ಗುದ್ದಿಗೆ ಗೋಡೆ ಬಿರುಕು ಬಿಡುತ್ತಿತ್ತು ಅಂದರು. ಅಂಥವನನ್ನು ಗೋಡೆಗೆ ಹಾಕೋದು ಒಳ್ಳೇದಲ್ಲ ಅಂತ ಹಿಂದಿನಿಂದ ಒಬ್ಬ ಅಜ್ಜಿ ಕನ್ನಡದಲ್ಲಿ ಹೇಳಿದರು. ಟಿಕೆಟ್ ಲೆಕ್ಕ ತಪ್ಪಿ ಸಾಕಾದ ಕಂಡಕ್ಟರ್ ಕೊನೆಗೆ ಸೀಟಿ ಊದಿ, ನಾನು ಓಟಿಗೆ ಹಾಕ್ತೀನಿ, ಆಮೇಲೆ ಯಾರೂ ಉಸಿರೆತ್ತಬಾರದು ಅಂದ. ಈ ಮನುಷ್ಯ ದೊಡ್ಡವನೇ ಅನ್ನೋರೆಲ್ಲ ಎದ್ದು ನಿಂತ್ಕೊಳ್ಳಿ ಅಂದ.

ತುಂಬಿದ ಬಸ್ಸಿನಲ್ಲಿ ಸೀಟು ಸಿಕ್ಕವನು ಯಾರಾದರೂ ಏಳುತ್ತಾನೆಯೇ? ಗೋಡೆಗೆ ಬಿರುಕು ಬಿಡಿಸಿದವರು ಕಿಟಕಿಯ ಆಚೆ ನೋಡಿದರು. ಸಂತೆಯಲ್ಲಿ ನೋಡಿದವರಿಗೆ ಒಮ್ಮೆಲೇ ನಿದ್ದೆ ಬಂತು. ಆದರೆ ಸಾಹೇಬರು ಸೋಲುವವರಲ್ಲ. ಸಾಲಿನಲ್ಲಿ ಮೊದಲಿನಿಂದ ನಿಂತೇ ಇದ್ದವರನ್ನೆಲ್ಲ ತೋರಿಸಿ, ನೋಡಿ, ಎಷ್ಟು ಜನ ನಿಂತಿದಾರೆ ಅಂದರು. ಮೇಷ್ಟ್ರು ತಕ್ಷಣ, ಹಂಗಾದ್ರೆ ವಿರುದ್ಧ ಇರೋರು ಕೂತ್ಕೊಳ್ಳಲಿ ಅಂದರು. ನಿಂತಿದ್ದವರೆಲ್ಲ ಒಟ್ಟಿಗೆ ಕೂರಲು ನೋಡಿದರು. ಆಗ ಎದ್ದ ಗದ್ದಲದಲ್ಲಿ ಡ್ರೈವರು ಬಸ್ಸು ನಿಲ್ಲಿಸಿ, ಏನು ಆಕ್ಸಿಡೆಂಟಾ ಅಂತ ಹಿಂತಿರುಗಿ ನೋಡಿದ.

ಈ ಗದ್ದಲದಲ್ಲಿ ಸಾಹೇಬರು, ಕಡೇಪಕ್ಷ ನನ್ನದೊಂದು ಓಟು ಸರಿಯಾಗಿ ಬೀಳಲಿ ಅಂತ ಫೋಟೋ ಎತ್ತಿಹಿಡಿದು ಎದ್ದು ನಿಂತರು. ಬಸ್ಸಿನಲ್ಲಿ ಚಾಂಪಿಯನ್ನಿಗಾಗಿ ನಿಜವಾಗಿ ಎದ್ದವರು ಅವರೊಬ್ಬರೇ. ಅಷ್ಟರಲ್ಲಿ ಟೊಮ್ಯಾಟೊ ಬುಟ್ಟಿಯ ಹೆಂಗಸೊಬ್ಬರು ಅವರ ಜಾಗದಲ್ಲಿ ಕೂತು, ಬುಟ್ಟಿಯನ್ನು ಮೇಷ್ಟ್ರ ತೊಡೆಗೆ ಇಟ್ಟು, ಸೆರಗಿನಿಂದ ಗಾಳಿ ಬೀಸಿಕೊಂಡರು. ಸಾಹೇಬರು ಚಿಂತಾಮಣಿಯವರೆಗೂ ನಿಂತೇ ಬಂದರು. ಇಳಿಯುವಾಗ ಆ ಹೆಂಗಸು ಫೋಟೋ ನೋಡಿ, ಯಾರೋ ಪುಣ್ಯಾತ್ಮ, ನನಗೆ ಸೀಟು ಕೊಡಿಸಿದ ಅಂದರು. ಸಾಹೇಬರದು ಬಿಟ್ಟರೆ ಚಾಂಪಿಯನ್ನಿನ ಪರವಾಗಿ ಚಿಂತಾಮಣಿಯ ದಾರಿಯಲ್ಲಿ ಸಿಕ್ಕಿದ್ದು ಅದೊಂದೇ ಓಟು.

೫. ಮೂರು ನಿಮಿಷ

ಶನಿವಾರ ಮಧ್ಯಾಹ್ನ. ಮಾರನೆಯ ದಿನ ಓಪನಿಂಗು. ಮುಖ್ಯ ಅತಿಥಿ ಗೌರಿಬಿದನೂರಿನಿಂದ ಹೊರಡುವುದಾಗಿ ತಿಳಿಸಿಯೂ ಆಗಿತ್ತು. ಗರಡಿಯ ಗೋಡೆಗೆ ಸುಣ್ಣ ಒಣಗಿತ್ತು. ಮೊಳೆಯೂ ಸುತ್ತಿಗೆಯೂ ಕಿಟಕಿಯ ಮೇಲಿದ್ದವು. ಮೇಷ್ಟ್ರು ಆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಹಾಕಿ ಕೂತಿದ್ದರು. ಸಾಹೇಬರು ಹೊರಗೆ ಗೂಡ್ಸ್ ಆಟೋ ನಿಲ್ಲಿಸಿದ್ದರು, ಬ್ಯಾಗು ವಾಪಸ್ಸು ಒಯ್ಯಲು. ಹೊಸ ಗಾಜು ಹಾಕಿಸಿಕೊಂಡ ಚಾಂಪಿಯನ್ನು ಆಟೋದ ಮುಂದಿನ ಸೀಟಿನಲ್ಲಿದ್ದ. ನೋಡಲು ಊರಿನ ಗಂಡಸರಲ್ಲಿ ಅರ್ಧ ಜನ ಬಂದಿದ್ದರು. ಹೂವಿನಮ್ಮ ಓಪನಿಂಗಿನ ಹೂವಿಗೆ ಅಳತೆ ತೆಗೆದುಕೊಳ್ಳುವ ನೆಪದಲ್ಲಿ ಬಂದು ಬಾಗಿಲಲ್ಲೇ ಕೂತರು.

ಸಾಹೇಬರು ಕೊಕ್ಕೆಯಿಂದ ಬ್ಯಾಗು ಬಿಚ್ಚಲು ಕೈ ಹಾಕಿದಾಗ ಮೊಮ್ಮಗಳು ಅಡ್ಡ ಬಂದಳು. ಅಷ್ಟು ದಿನ ಅವಳು ಒಂದು ಮಾತೂ ಆಡಿರಲಿಲ್ಲ.

"ದಾದಾ, ನೀವು ಫೋಟೋಗೆ ಹೊಡೆದಾಡ್ತೀರಿ. ಸಾರ್ ಗೋಡೆಗೆ ಹೊಡೆದಾಡ್ತಾರೆ. ನಿಜವಾಗ್ಲೂ ಹೊಡೆದಾಡಬೇಕಾಗಿರೋಳು ನಾನು. ನನಗೆ ಬ್ಯಾಗ್ ಬೇಕು" ಅಂದಳು ತಾತನಿಗೆ.

ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. ಸಾರ್, ನೀವು ಒಂದೇ ಒಂದು ರೌಂಡು ಗ್ಲೌಸ್ ಹಾಕಿ ನಿಂತ್ಕೊಳ್ಳಿ, ಮೂರೇ ನಿಮಿಷ, ಕೈ ಮುಖದ ಹತ್ತಿರ ಇರಬೇಕು, ಯಾರೂ ನಿಮ್ಮನ್ನ ಹೊಡೆಯಲ್ಲ, ನಿಂತುಬಿಟ್ಟರೆ ಫೋಟೋ ಬೇಡ, ಬ್ಯಾಗು ಇಲ್ಲೇ ಇರುತ್ತೆ, ದಾದಾನ ನಾನು ಒಪ್ಪಿಸ್ತೀನಿ ಅಂದಳು. ಮೇಷ್ಟ್ರು ನಕ್ಕರು. ಮೂವತ್ತು ವರ್ಷ ಡ್ರಿಲ್ ಮಾಡಿಸಿದವರಿಗೆ ನಿಂತುಕೊಳ್ಳುವುದನ್ನು ಕಲಿಸಲು ಬರುತ್ತೀಯಾ ಅಂದರು. ಸಾಹೇಬರಿಗೂ ರೋಷ ಬಂತು. ಅವರು ನಿಂತರೆ ನಾನೂ ಎದುರಿಗೆ ನಿಲ್ತೀನಿ, ಮೊದಲು ಕೈ ಇಳಿಸಿದವರು ಸೋತ ಹಾಗೆ ಅಂದರು. ಹುಡುಗಿ ಇಬ್ಬರಿಗೂ ಗ್ಲೌಸ್ ಹಾಕಿ ದಾರ ಬಿಗಿದಳು. ಗಡಿಯಾರ ನೋಡುವ ಕೆಲಸವನ್ನು ಎಲ್ಲರೂ ಸೇರಿ ನನಗೆ ಕೊಟ್ಟರು. ನನ್ನನ್ನು ಬಲ್ಲವರು ಯಾಕೆ ಹಾಗೆ ಮಾಡಿದರೋ, ಇವತ್ತಿಗೂ ಅರ್ಥವಾಗಿಲ್ಲ.

ಮೊದಲಲ್ಲಿ ಮೇಷ್ಟ್ರು ನಿಂತ ಠೀವಿ ನೋಡಬೇಕಿತ್ತು. ಚಾಂಪಿಯನ್ನಿನ ಕುಂದುಕೊರತೆಗಳನ್ನು ಇನ್ನೊಮ್ಮೆ ಮೊದಲಿನಿಂದ ಹೇಳಲು ಶುರುಮಾಡಿದರು. ವಯಸ್ಸಾದವರನ್ನು ಹೊಡೆದ ವಿಷಯಕ್ಕೆ ಬರುವಾಗ ದನಿ ಸ್ವಲ್ಪ ಸಣ್ಣದಾಯಿತು. ಪೇಪರಿನವರು ಊದಿದ ವಿಷಯಕ್ಕೆ ಬರುವಾಗ ಅವರೇ ಊದುತ್ತಿದ್ದರು. ಮೂಗಿನ ತುದಿಯ ಮೇಲೆ ಒಂದು ನೊಣ ಕೂತಿತು. ಗ್ಲೌಸಿನಿಂದ ನೊಣ ಓಡಿಸಲು ಹೋಗಿ ಮೇಷ್ಟ್ರು ತಮಗೆ ತಾವೇ ಒಂದು ಏಟು ಕೊಟ್ಟುಕೊಂಡರು. ಅವತ್ತು ಬಿದ್ದ ಒಂದೇ ಏಟು ಅದು. ಎದುರಿಗೆ ಸಾಹೇಬರ ಮುಖ ಗೂಡು ಬೇಯಿಸುವ ಬಾಣಲೆಯ ಹಾಗೆ ಬೆವರುತ್ತಿತ್ತು. ಆದರೂ 'ಅವನು ಹದಿನೈದು ರೌಂಡ್ ನಿಲ್ತಿದ್ದ, ಹದಿನೈದು' ಅಂತ ಹಲ್ಲು ಕಚ್ಚಿ ಹೇಳುತ್ತಿದ್ದರು. ಯಾರೂ ಕೈ ಇಳಿಸಲಿಲ್ಲ.

ಮೂರು ನಿಮಿಷ ಆಗಿತ್ತು. ನಾನು ಹೇಳಲಿಲ್ಲ. ಗಡಿಯಾರ ಸ್ವಲ್ಪ ನಿಧಾನ ಇತ್ತು ಅಂತ ಇಟ್ಟುಕೊಳ್ಳಿ.

ಸುತ್ತ ನಿಂತವರಲ್ಲೂ ಯಾರೂ ಸಾಕು ಅನ್ನಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಅವರೆಲ್ಲ ಒಂದು ಕಾಲದಲ್ಲಿ ಶೂ ಪಾಲಿಶ್ ಇಲ್ಲದ್ದಕ್ಕೆ, ಸಾಲು ತಪ್ಪಿದ್ದಕ್ಕೆ, ನಕ್ಕದ್ದಕ್ಕೆ ಮೇಷ್ಟ್ರಿಂದ ಬಿಸಿಲಲ್ಲಿ ಕೈ ಮೇಲೆತ್ತಿ ನಿಂತವರು. ಇವತ್ತು ಅವರ ಮುಖದಲ್ಲಿ ಒಂದು ಬಗೆಯ ಶಾಂತಿ ಇತ್ತು. ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿರುವ ಒಬ್ಬರು ಬಹಳ ವಿನಯದಿಂದ, ಮೇಷ್ಟ್ರ ಹಳೆಯ ಮಾತನ್ನೇ ಅವರಿಗೆ ಒಪ್ಪಿಸಿದರು: "ಮೊಣಕೈ ಇಳೀತಾ ಇದೆ ಸಾರ್. ಮೊಣಕೈ ಮೇಲೆ."

ಕೊನೆಗೆ ಇಬ್ಬರ ಕೈಯೂ ಒಟ್ಟಿಗೆ ಕೆಳಗೆ ಬಂತು. ಕೈ ಮಾತ್ರ ಅಲ್ಲ. ಇಬ್ಬರೂ ಮುಂದಕ್ಕೆ ವಾಲಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ತಲೆ ಇಟ್ಟು ನಿಂತುಬಿಟ್ಟರು. ಹೂವಿನಮ್ಮ ಬಾಗಿಲಿಂದ, ಅಬ್ಬ, ರಾಜಿ ಆಯ್ತಾ ಅಂದರು.

ಮೇಷ್ಟ್ರು ಉಸಿರು ಸಿಕ್ಕಿದ ಮೇಲೆ ಸಾಹೇಬರ ಹೆಗಲ ಮೇಲಿಂದಲೇ ತೀರ್ಪು ಕೊಟ್ಟರು. "ಆ ಮನುಷ್ಯನ ಮೇಲೆ ನನಗೆ ಇನ್ನೂ ಅನುಮಾನ ಇದೆ ಸಾಹೇಬ್ರೇ. ಅವನ ಭುಜದ ಮೇಲೆ ಇಲ್ಲ. ಮೊಳೆ ಹೊಡೀರಿ."

ಸಾಹೇಬರು ಆಟೋದಿಂದ ಫೋಟೋ ತರಿಸಿದರು. ಮೊಳೆ ನಾನು ಹೊಡೆಯುತ್ತೇನೆ ಅಂದೆ. ಸಾಹೇಬರು ಬಿಡಲಿಲ್ಲ, ಇಷ್ಟು ದಿನ ಹಟ ಮಾಡಿದ್ದು ಬೇರೆಯವರ ಕೈಯಲ್ಲಿ ಹೊಡೆಸಲಿಕ್ಕಾ ಅಂದರು. ಮೇಷ್ಟ್ರೂ ಬಿಡಲಿಲ್ಲ, ಅಧ್ಯಕ್ಷ ನಾನು, ಒಪ್ಪಿದವನು ನಾನು, ನನ್ನ ಕೈಯೂ ಇರಬೇಕು ಅಂದರು. ಹುಡುಗಿ ಗ್ಲೌಸ್ ಬಿಚ್ಚಿದಳು. ಒಬ್ಬರು ಮೊಳೆ ಹಿಡಿದರು, ಒಬ್ಬರು ಸುತ್ತಿಗೆ ಎತ್ತಿದರು. ಎತ್ತಿದರು ಅನ್ನುವುದು ಬಾಯಿಮಾತು. ಇಬ್ಬರ ಕೈಯೂ ಸೊಂಟದಿಂದ ಒಂದು ಗೇಣೂ ಮೇಲಕ್ಕೆ ಹೋಗಲೊಲ್ಲದು. ಹೋದಷ್ಟು ಎತ್ತರಕ್ಕೇ ಮೊಳೆ ಹೊಡೆದರು, ಅಲ್ಲೇ ಫೋಟೋ ತೂಗುಹಾಕಿದರು. ನಾಳೆ ಮೇಲಕ್ಕೆ ಹಾಕೋಣ ಅಂತ ಯಾರೋ ಅಂದದ್ದಕ್ಕೆ ಇಬ್ಬರೂ ಒಂದೇ ದನಿಯಲ್ಲಿ, ಮುಟ್ಟಿದರೆ ಕೈ ಮುರೀತೀವಿ ಅಂದರು. ಮುರಿಯುವುದಿರಲಿ, ಅವರು ತಮ್ಮ ಕೈಯಲ್ಲಿ ನೀರಿನ ಲೋಟವನ್ನೂ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಹೂವಿನಮ್ಮ ಇಬ್ಬರಿಗೂ ನೀರು ಕುಡಿಸಿದರು.

ಭಾನುವಾರ ಗೌರಿಬಿದನೂರಿನ ಅತಿಥಿಗಳು ಬಂದರು. ಆರಡಿ ಮನುಷ್ಯ. ಗೋಡೆಯ ಹತ್ತಿರ ಬಂದು, ಇದ್ಯಾರು ಅಂತ ಸೊಂಟದ ಎತ್ತರಕ್ಕೆ ಬಗ್ಗಿ ನೋಡಿದರು. ಹಿಂದೆ ಬಂದವರು ಅದೇ ಇಲ್ಲಿಯ ಪದ್ಧತಿ ಅಂದುಕೊಂಡು ಒಬ್ಬೊಬ್ಬರಾಗಿ ಬಗ್ಗಿದರು. ಅವತ್ತಿನಿಂದ ನಮ್ಮ ಗರಡಿಗೆ ಯಾರು ಬಂದರೂ, ಚಾಂಪಿಯನ್ನು ದೊಡ್ಡವನು ಅನ್ನುವವರೂ ಅಲ್ಲ ಅನ್ನುವವರೂ, ಅವನ ಮುಖ ನೋಡಬೇಕಾದರೆ ಒಮ್ಮೆ ಬಗ್ಗಲೇಬೇಕು. ಅವನೆದುರಿಗೆ ಸಾಹೇಬರ ಮೊಮ್ಮಗಳು ದಿನಾ ಬ್ಯಾಗಿಗೆ ಗುದ್ದುತ್ತಾಳೆ.

ಮೇಷ್ಟ್ರೂ ದಿನಾ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಸೊಂಟ ಹಿಡಿದುಕೊಂಡು ಬಗ್ಗುತ್ತಾರೆ. ಒಂದು ದಿನ ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಮೇಷ್ಟ್ರು ತಿರುಗದೆ, ಬಗ್ಗಿದ ಹಾಗೆಯೇ ಹೇಳಿದರು:

"ಧೂಳು ಕೂತಿದ್ಯಾ ಅಂತ ನೋಡ್ತಿದ್ದೆ ಕಣೋ. ಏನು ನೋಡ್ತೀಯ, ಬಂದು ಹಿಡಿದೆತ್ತು."